ಕಾಲು ಸುತ್ತು

ಬಾಸ್ ಗಿಟಾರ್ ನುಡಿಸುವವನನ್ನು ಲೋಕ ಕೇಳುವ ಪ್ರಶ್ನೆಗಳು ಎರಡೇ. ಮೊದಲನೆಯದು, ‘ಇದರಲ್ಲಿ ಎರಡು ತಂತಿ ಕಡಿಮೆ ಇದೆಯಲ್ಲ?’ ಎರಡನೆಯದು, ‘ಅಷ್ಟರಲ್ಲಿ ನೀನು ನುಡಿಸಿದ್ದು ಯಾವುದು?’ ಮೊದಲನೆಯದಕ್ಕೆ ಹೇಗೋ ಉತ್ತರ ಹೇಳಿ ಪಾರಾಗಬಹುದು. ನನ್ನ ಸೋದರಮಾವನವರು ‘ಉಳಿದೆರಡನ್ನು ಮುಂದಿನ ತಿಂಗಳ ಸಂಬಳದಲ್ಲಿ ಹಾಕಿಸ್ತೀಯೇನೋ?’ ಎಂದು ಕೇಳಿದಾಗ ನಾನು ಹೌದೆಂದು ತಲೆಯಾಡಿಸಿದೆ. ಅವರು ಸಮಾಧಾನದಿಂದ ಎಲೆಗೆ ಸುಣ್ಣ ಹಚ್ಚಿಕೊಂಡರು. ಎರಡನೆಯದು ಕಷ್ಟದ ಪ್ರಶ್ನೆ. ಕಾರ್ಯಕ್ರಮ ಮುಗಿದ ಮೇಲೆ ಜನ ವೇದಿಕೆ ಹತ್ತುತ್ತಾರೆ. ಹಾಡಿದವನ ಕೈ ಕುಲುಕುತ್ತಾರೆ, ಡ್ರಮ್ಮರನ ಬೆನ್ನು ತಟ್ಟುತ್ತಾರೆ, ಕೀಬೋರ್ಡಿನವನ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಕೊನೆಗೆ ನನ್ನ ಹತ್ತಿರ ಬಂದು, ‘ಸಾರ್, ಈ ವೈರೆಲ್ಲ ಎಷ್ಟು ಹೊತ್ತಿಗೆ ಬಿಚ್ತೀರಿ? ಶಾಮಿಯಾನದೋರು ಕಾಯ್ತಾ ಇದಾರೆ’ ಎನ್ನುತ್ತಾರೆ. ಇಂಥವರಿಗೆ ನಾನು ನುಡಿಸಿದ್ದು ಯಾವುದೆಂದು ಬಿಡಿಸಿ ಹೇಳುವುದು ಹೇಗೆ?

ತಪ್ಪು ಅವರದೂ ಅಲ್ಲ. ಬಾಸಿನ ಅತಿ ದಪ್ಪ ತಂತಿ ಇ ಸ್ವರಕ್ಕೆ ಶ್ರುತಿಗೊಂಡಾಗ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಉಳಿದ ಎ, ಡಿ, ಜಿ ತಂತಿಗಳದು ಕ್ರಮವಾಗಿ 55, 73, 98. ಮೊಬೈಲಿನೊಳಗಿನ ಕಡಲೆಬೀಜದಷ್ಟು ಸ್ಪೀಕರಿಗೆ ಇಷ್ಟು ಕೆಳಗಿನ ಸ್ವರವನ್ನು ಹೊರಡಿಸುವ ತ್ರಾಣವಿಲ್ಲ. ಅದು ಆ ಸ್ವರದ ಜೊತೆಗೇ ಹುಟ್ಟುವ ಮೇಲಿನ ಉಪಸ್ವರಗಳನ್ನಷ್ಟೇ ದಾಟಿಸುತ್ತದೆ; ಅವುಗಳ ಲೆಕ್ಕ ಹಿಡಿದು ನಮ್ಮ ಮಿದುಳು ತಳದ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಅಂದರೆ ಫೋನಿನಲ್ಲಿ ಹಾಡು ಕೇಳುವವರ ಪಾಲಿಗೆ ಬಾಸ್ ನುಡಿಸುವವನೆಂದರೆ ಬರೀ ಊಹಾಪೋಹ. ಇದನ್ನು ಪರೀಕ್ಷಿಸಬೇಕೆನಿಸಿದರೆ ಇಳಯರಾಜಾ ಸಂಗೀತವಿರುವ 1983ರ ‘ಪಲ್ಲವಿ ಅನುಪಲ್ಲವಿ’ಯ ಹಾಡುಗಳನ್ನು ಒಮ್ಮೆ ಫೋನಿನಲ್ಲೂ ಒಮ್ಮೆ ಒಳ್ಳೆಯ ಹೆಡ್‌ಫೋನಿನಲ್ಲೂ ಕೇಳಿ. ಎರಡನೆಯ ಸಲ, ಇಷ್ಟು ವರ್ಷ ಗೊತ್ತಿದ್ದ ಹಾಡಿನ ನೆಲಮಾಳಿಗೆಯಲ್ಲಿ ಇನ್ನೊಬ್ಬ ಬಾಡಿಗೆದಾರ ತನ್ನದೇ ಹಾಡು ಹಾಡಿಕೊಂಡಿರುವುದು ತಿಳಿಯುತ್ತದೆ.

ಹೀಗಾಗಿ ನಮ್ಮ ಕುಲಕ್ಕೆ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ. ಮೊದಮೊದಲು ಇದು ಬೇಸರದ ಸಂಗತಿ ಎನಿಸುತ್ತಿತ್ತು. ಈಗ, ತಲೆ ನರೆತ ಮೇಲೆ, ಇದೊಂದು ಸೌಲಭ್ಯ ಎನಿಸುತ್ತಿದೆ. ಯಾರೂ ಗಮನಿಸದ ಕೆಲಸವನ್ನು ಮನಸ್ಸಿಗೆ ಬಂದಷ್ಟು ತಿದ್ದಬಹುದು. ತಂತಿ ಬದಲಿಸಬಹುದು, ತಂತಿಯ ಕಂಪನ ಹಿಡಿಯುವ ಪಿಕಪ್ ಬದಲಿಸಬಹುದು, ತಂತಿಯ ಬುಡ ಕೂರುವ ಬ್ರಿಡ್ಜ್ ಕಿತ್ತು ಬೇರೆ ಕೂರಿಸಬಹುದು. ಸ್ವರ ಕೆಟ್ಟಿತೆಂದು ದೂರುವವರಿಲ್ಲ, ಸುಧಾರಿಸಿತೆಂದು ಹೊಗಳುವವರೂ ಇಲ್ಲ. ಇಡೀ ವ್ಯವಹಾರ ನಮಗೂ ನಮ್ಮ ಸ್ಕ್ರೂಡ್ರೈವರಿಗೂ ಬಿಟ್ಟದ್ದು.

ಸ್ಕ್ರೂಡ್ರೈವರ್ ಎಂದಾಗ ಲಿಯೋ ಫೆಂಡರ್ ಅವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ. ಜಗತ್ತಿನ ಅರ್ಧ ಗಿಟಾರ್‌ಗಳ ಆಕಾರವನ್ನು ತೀರ್ಮಾನಿಸಿದ ಈ ಮಹಾಶಯರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅವರಿಗಿಂತ ಮೊದಲೇ, 1930ರ ದಶಕದಲ್ಲಿ, ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ ಎಂಬುವರು ಫ್ರೆಟ್, ಅಂದರೆ ಸ್ವರದ ಜಾಗ ಗುರುತಿಸುವ ಲೋಹದ ಅಡ್ಡಪಟ್ಟಿ, ಇರುವ ಎಲೆಕ್ಟ್ರಿಕ್ ಬಾಸ್ ಮಾಡಿದ್ದರು. ಆದರೆ ಅದು ಊರು ತುಂಬಲಿಲ್ಲ. ಅಲ್ಲಿಯವರೆಗೆ ತಳದ ಸ್ವರ ಬೇಕೆಂದರೆ ಆಳೆತ್ತರದ ಡಬಲ್ ಬಾಸನ್ನು ಕಾರಿನ ಮೇಲೆ ಕಟ್ಟಿಕೊಂಡು ಊರೂರು ಅಲೆಯಬೇಕಿತ್ತು. ಅದಕ್ಕೆ ಫ್ರೆಟ್ ಇಲ್ಲ. ಬೆರಳು ಒಂದು ಕೂದಲೆಳೆ ಆಚೀಚೆ ಆದರೂ ಅಪಸ್ವರ. ಫೆಂಡರ್ 1951ರಲ್ಲಿ ತಂದ ವಾದ್ಯಕ್ಕೆ ಫ್ರೆಟ್ ಇತ್ತು, ಸ್ವರ ನಿಖರವಾಗಿ ಬೀಳುತ್ತಿತ್ತು. ಅದಕ್ಕೇ ಪ್ರಿಸಿಷನ್ ಬಾಸ್ ಎಂದು ಕರೆದರು. ಮೇಲಿನ ನಟ್ಟಿನಿಂದ ಬ್ರಿಡ್ಜಿನವರೆಗೆ ತಂತಿಯ ಉದ್ದ 34 ಅಂಗುಲ. ಅಂದಿನಿಂದ ಇಂದಿನವರೆಗೆ ಬಹುಪಾಲು ಬಾಸ್‌ಗಳು ಆ 34 ಅಂಗುಲವನ್ನೇ ಹಿಡಿದುಕೊಂಡಿವೆ.

ಅವರ ನಿಜವಾದ ಜಾಣತನ ನನಗೆ ಕಾಣುವುದು ಬೇರೆ ಕಡೆ. ರಿಪೇರಿ ಮಾಡುವವನು ಕಟ್ಟಿದ ವಾದ್ಯ ಅದು. ನೆಕ್ಕನ್ನು, ಅಂದರೆ ವಾದ್ಯದ ಉದ್ದ ಕತ್ತನ್ನು, ಅಂಟು ಹಾಕಿ ಕೂರಿಸಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ಪಿಕಪ್ ಕೆಟ್ಟರೆ ಎರಡು ವೈರ್ ಸೋಲ್ಡರ್ ಬಿಡಿಸಿ ಬೇರೆಯದು ಹಾಕಬಹುದು. ಪಿಟೀಲನ್ನೋ ವೀಣೆಯನ್ನೋ ಬಿಚ್ಚಲು ಎಂಥ ಗಟ್ಟಿಗನಿಗೂ ಕೈ ನಡುಗುತ್ತದೆ. ಬಾಸಿನ ಮುಂದೆ ಕೂತರೆ ಎಂಥ ಪುಕ್ಕಲನಿಗೂ ಏನಾದರೊಂದು ಬಿಚ್ಚೋಣ ಎನಿಸುತ್ತದೆ.

ಆದರೆ ಬಿಚ್ಚಬೇಕಾದರೆ ಮೊದಲು ಕೊಳ್ಳಬೇಕು. ಅಂಗಡಿಗೆ ಕಾಲಿಟ್ಟವರಿಗೆ ಎದುರಾಗುವುದು ಎರಡು ಗೋತ್ರ: ‘ಪಿ’ ಮತ್ತು ‘ಜೆ’. ಪಿ ಎಂದರೆ ಮೇಲೆ ಹೇಳಿದ ಪ್ರಿಸಿಷನ್. ದಪ್ಪ ನೆಕ್ಕು, 1957ರಿಂದ ನಡುವೆ ಎರಡು ತುಂಡಾದ ಒಂದೇ ಪಿಕಪ್, ಒಂದು ವಾಲ್ಯೂಮ್, ಒಂದು ಟೋನ್. ತಿರುಗಿಸಲು ಹೆಚ್ಚೇನೂ ಇಲ್ಲ. ಹಾಗಾಗಿ ಮಿತಭಾಷಿಗಳಿಗೆ ಪ್ರಿಯ. ಜೆ ಎಂದರೆ 1960ರಲ್ಲಿ ಬಂದ ಜಾಝ್ ಬಾಸ್. ಸೊಂಟ ಓರೆ, ನಟ್ಟಿನ ಬಳಿ ನೆಕ್ಕು ಬರೀ 38 ಮಿಲಿಮೀಟರ್ ಅಗಲ, ಎರಡು ಪಿಕಪ್, ಎರಡು ವಾಲ್ಯೂಮ್. ಎರಡನ್ನೂ ಬೇರೆಬೇರೆ ಪ್ರಮಾಣದಲ್ಲಿ ಬೆರೆಸುತ್ತಾ ಕೂತರೆ ಸಂಜೆ ಕಳೆಯುತ್ತದೆ. ಮೂರನೆಯ ಪಂಗಡವೂ ಇದೆ: 9 ವೋಲ್ಟಿನ ಬ್ಯಾಟರಿ ಹಾಕಿ ಒಳಗೇ ಒಂದು ಪ್ರೀಆಂಪ್ ಓಡಿಸುವ ‘ಆ್ಯಕ್ಟಿವ್’ ಬಾಸ್‌ಗಳು. 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಈ ಪಂಗಡದ ಹಿರಿಯ. ಅದೂ ಫೆಂಡರ್ ಅವರ ಕೈವಾಡವೇ, ತಮ್ಮ ಮೊದಲ ಕಂಪನಿಯನ್ನು 1965ರಲ್ಲಿ ಮಾರಿದ ನಂತರದ್ದು. ಇವುಗಳಲ್ಲಿ ಜ್ಯಾಕಿಗೆ ಕೇಬಲ್ ಚುಚ್ಚಿದೊಡನೆ ಬ್ಯಾಟರಿ ಚಾಲೂ ಆಗುತ್ತದೆ. ಕೇಬಲ್ ಕೀಳದೆ ಮಲಗುವುದು ರೂಢಿಯಾದರೆ ಒಂದು ಬೆಳಿಗ್ಗೆ ಬ್ಯಾಟರಿಯೂ ಮಲಗಿರುತ್ತದೆ. ಬೆಂಗಳೂರಿನ ಬಾಸ್ ವಾದಕರು ಮನೆಯ ಗೋಡೆ ಗಡಿಯಾರಕ್ಕಿಂತ ಹೆಚ್ಚಾಗಿ ಕಿರಾಣಿ ಅಂಗಡಿಯ ಚೌಕಾಕಾರದ ಬ್ಯಾಟರಿಯ ಬಗ್ಗೆ ಯೋಚಿಸುವುದು ಇದೇ ಕಾರಣಕ್ಕೆ.

ಅಂಗಡಿಯಲ್ಲಿ ಬಾಸ್ ಪರೀಕ್ಷಿಸುವುದಕ್ಕೆ ಒಂದೇ ಅಡ್ಡಿ: ಪಕ್ಕದ ಸ್ಟೂಲಿನ ಮೇಲೆ ಕೂತು ಹೆಬ್ಬೆರಳಿನಿಂದ ತಂತಿಗೆ ಬಡಿಯುತ್ತಿರುವ ಹುಡುಗ. ಈ ಬಡಿಯುವ ವಿದ್ಯೆ ಹುಟ್ಟಿದ್ದು ಬಡತನದಲ್ಲಿ. ಕ್ಯಾಲಿಫೋರ್ನಿಯಾದ ಲ್ಯಾರಿ ಗ್ರಹಾಂ ತಮ್ಮ ತಾಯಿಯ ತಂಡದಲ್ಲಿ ನುಡಿಸುತ್ತಿದ್ದಾಗ ಡ್ರಮ್ಮರ್ ಇಲ್ಲದೆ ಹೋಯಿತು. ಆ ಕೊರತೆ ತುಂಬಲು ಹೆಬ್ಬೆರಳಿನಿಂದ ಗುದ್ದಿ, ತೋರುಬೆರಳಿನಿಂದ ಎಳೆದು ಬಿಟ್ಟು, ಎರಡು ಡ್ರಮ್ಮುಗಳ ಕೆಲಸವನ್ನು ತಂತಿಯಿಂದಲೇ ತೆಗೆದರು. ಈಗ ಡ್ರಮ್ಮರ್ ಇರಲಿ, ಬಿಡಲಿ, ಎಲ್ಲ ಅಂಗಡಿಗಳಲ್ಲೂ ಗುದ್ದಾಟ ನಡೆದೇ ಇರುತ್ತದೆ. ಆ ಸದ್ದಿನಲ್ಲಿ ಆಂಪಿಗೆ ಜೋಡಿಸಿ ಕೇಳುವುದು ವ್ಯರ್ಥ. ನಾನು ಜೋಡಿಸದೆಯೇ ಕೂರುತ್ತೇನೆ. ವಾದ್ಯವನ್ನು ತೊಡೆಯ ಮೇಲಿಟ್ಟು ಕೈ ಬಿಡುತ್ತೇನೆ. ತಲೆ ನೆಲದತ್ತ ವಾಲಿದರೆ ಅದು ಮುಂದೆ ನನ್ನ ಎಡಗೈಯನ್ನು ಹೊರೆಯಾಳು ಮಾಡಿಕೊಳ್ಳುತ್ತದೆ ಎಂದರ್ಥ. ಕೊಂಬಿನ ಮೇಲೆ ಗಲ್ಲ ಊರಿ ತಂತಿ ಮೀಟಿದರೆ ಮರದ ಅದುರು ದವಡೆಗೆ ಬರುತ್ತದೆ. ಒಂದು ಕಣ್ಣು ಮುಚ್ಚಿ ತಲೆಯ ಕಡೆಯಿಂದ ನೆಕ್ಕಿನುದ್ದಕ್ಕೂ ನೋಡುತ್ತೇನೆ, ತಿರುಚಿಕೊಂಡಿದೆಯೇ ಎಂದು. ಪ್ರತಿ ತಂತಿಯ ಪ್ರತಿ ಫ್ರೆಟ್ಟನ್ನೂ ಒತ್ತಿ ನೋಡುತ್ತೇನೆ. ಕೊನೆಗೆ ಅಂಗಡಿಯವನನ್ನು ಅಲೆನ್ ಕೀ ಕೇಳುತ್ತೇನೆ. ಇಷ್ಟು ಹೊತ್ತಿಗೆ ಅಂಗಡಿಯವನಿಗೆ ನಾನು ಗಿರಾಕಿಯೋ ಇನ್‌ಸ್ಪೆಕ್ಟರೋ ಎಂಬ ಸಂಶಯ ಬಂದಿರುತ್ತದೆ.

ಇಷ್ಟೆಲ್ಲ ಶಾಸ್ತ್ರ ನೋಡಿ ಕೊಳ್ಳುವವರನ್ನು ಕಂಡರೆ ಪಾಲ್ ಮೆಕಾರ್ಟ್ನಿ ನಗಬಹುದು. 1961ರಲ್ಲಿ ಹ್ಯಾಂಬರ್ಗಿನಲ್ಲಿ ಅವರು ಪಿಟೀಲಿನಾಕಾರದ ಹಾಫ್ನರ್ ಬಾಸ್ ಕೊಂಡದ್ದು ಅದು ಅಗ್ಗವಾಗಿತ್ತು ಎಂದು. ಸುಮಾರು 30 ಪೌಂಡ್. ಎರಡನೆಯ ಕಾರಣ, ಅವರು ಎಡಗೈಯವರು; ಎರಡೂ ಮಗ್ಗುಲು ಒಂದೇ ಥರ ಇರುವ ವಾದ್ಯವನ್ನು ತಿರುವಿ ಹಿಡಿದರೂ ನೋಡುವವರಿಗೆ ಅಸಂಬದ್ಧ ಎನಿಸುವುದಿಲ್ಲ. ಬೆಲೆ ಮತ್ತು ಅಂದ, ಎರಡೇ ಕಾರಣ. ಮುಂದೆ ಬೀಟಲ್ಸ್ ಹಾಡುಗಳ ಬಾಸಿನ ದನಿಯ ಮೇಲೆ ಪಂಡಿತರು ಎಷ್ಟೆಲ್ಲ ಬರೆದರು! ಆ ವಾದ್ಯ 1972ರಲ್ಲಿ ಕಳುವಾಯಿತು; ಐವತ್ತಕ್ಕೂ ಹೆಚ್ಚು ವರ್ಷ ಕಳೆದು ಅದು ಅವರ ಕೈಗೆ ಮರಳಿದ ಸುದ್ದಿ 2024ರಲ್ಲಿ ಬಂತು. ಸುದ್ದಿ ಓದಿದ ನಮ್ಮ ಡ್ರಮ್ಮರ್, ‘ಗುರೂ, ನಿನ್ನ ಬಾಸ್ ಕದ್ದರೆ ಕಳ್ಳ ಅದೇ ಸಂಜೆ ವಾಪಸ್ ತಂದಿಡ್ತಾನೆ’ ಎಂದ. ನನ್ನದು ನಾಲ್ಕೂವರೆ ಕಿಲೋ ತೂಗುತ್ತದೆ. ಅವನ ಮಾತಿನಲ್ಲಿ ತಥ್ಯ ಇತ್ತು.

ಕೊಂಡಾಯಿತು. ಇನ್ನು ತಿದ್ದುಪಡಿ. ಈ ವಿಷಯದಲ್ಲಿ ನಮ್ಮಲ್ಲಿ ಎರಡು ಪಂಥಗಳಿವೆ, ಎರಡಕ್ಕೂ ಒಬ್ಬೊಬ್ಬ ಆಚಾರ್ಯರು. ತಮಾಷೆ ಏನೆಂದರೆ ಇಬ್ಬರ ಆಯುಧವೂ 1962ರದ್ದೇ.

ಮೊದಲನೆಯವರು ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದ ಜೇಮ್ಸ್ ಜೇಮರ್ಸನ್. 1962ರ ಪ್ರಿಸಿಷನ್ ಬಾಸ್. ದಪ್ಪನೆಯ, ನುಣುಪು ಮೈಯ ಲಾ ಬೆಲ್ಲಾ ಫ್ಲಾಟ್‌ವೌಂಡ್ ತಂತಿ ಒಮ್ಮೆ ಹಾಕಿದರೆ ಮುಗಿಯಿತು. ತುಂಡಾಗುವವರೆಗೆ ಬದಲಿಸುವ ಮಾತಿಲ್ಲ, ಒರೆಸುವ ಮಾತೂ ಇಲ್ಲ. ಆ ಕೊಳೆಯಲ್ಲೇ ನಾದ ಕೂತಿದೆ ಎಂಬುದು ಅವರ ಸಿದ್ಧಾಂತವಾಗಿತ್ತಂತೆ. ತಂತಿ ಫ್ರೆಟ್ಟಿನಿಂದ ಎಷ್ಟು ಎತ್ತರದಲ್ಲಿತ್ತೆಂದರೆ ಬೇರೆಯವರು ಅದನ್ನು ನುಡಿಸಲು ಒದ್ದಾಡುತ್ತಿದ್ದರು. ಬ್ರಿಡ್ಜಿನ ಮುಚ್ಚಳದೊಳಗೆ ಫೆಂಡರ್ ಕಂಪನಿ ಇಟ್ಟ ಸ್ಪಂಜಿನ ತುಂಡು ಹಾಗೇ ಇತ್ತು. ಬಲಗೈಯ ಒಂದೇ ತೋರುಬೆರಳು. ಅಷ್ಟರಲ್ಲೇ ಅವರು 1960ರ ದಶಕದ ಅಮೆರಿಕವನ್ನು ಕುಣಿಸಿದರು. ಅಮೆರಿಕಕ್ಕೆ ಮಾತ್ರ ತನ್ನನ್ನು ಕುಣಿಸಿದವರು ಯಾರೆಂದು ಗೊತ್ತಾಗಲಿಲ್ಲ. ತಟ್ಟೆಗಳ ಮೇಲೆ ಸ್ಟುಡಿಯೋ ವಾದಕರ ಹೆಸರು ಹಾಕುವ ಪದ್ಧತಿ ಅಲ್ಲಿರಲಿಲ್ಲ. 1971ರಲ್ಲಿ ಗಾಯಕ ಮಾರ್ವಿನ್ ಗೇ ತಮ್ಮ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್ಮಿನ ಹೊದಿಕೆಯಲ್ಲಿ ಅವರ ಹೆಸರನ್ನು ಗೌರವದಿಂದ ಅಚ್ಚು ಹಾಕಿಸಿದರು. ‘ನೀನು ನುಡಿಸಿದ್ದು ಯಾವುದು?’ ಎಂಬ ಪ್ರಶ್ನೆ ಅವರಿಗೂ ಬಂದಿರಬೇಕು ಎಂದುಕೊಂಡರೆ ನನ್ನಂಥವರಿಗೆ ಬಹಳ ನೆಮ್ಮದಿ.

ಎರಡನೆಯವರು ಫ್ಲಾರಿಡಾದ ಜಾಕೋ ಪಸ್ಟೋರಿಯಸ್. 1962ರ ಜಾಝ್ ಬಾಸ್. ಅದರ ಫ್ರೆಟ್ಟುಗಳನ್ನು ಬೆಣ್ಣೆ ಹಚ್ಚುವ ಚಾಕುವಿನಿಂದ ಕಿತ್ತೆ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಫ್ರೆಟ್ ಕಿತ್ತ ಸಂದುಗಳಿಗೆ ಮರದ ಪುಟ್ಟಿ ತುಂಬಿದರು. ಉಕ್ಕಿನ ಒರಟು ತಂತಿ ಬರೀ ಮರವನ್ನು ತಿಂದುಹಾಕುತ್ತದೆ. ಅದಕ್ಕೆ ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ಫಿಂಗರ್‌ಬೋರ್ಡಿಗೆ ಬಳಿದರು. ಸಮುದ್ರದ ದಂಡೆಯ ಊರಿನವರು, ದೋಣಿಯ ಲೇಪ ಕೈಗೆ ಸಿಕ್ಕಿತು. ಸ್ವರ ನಿಖರವಾಗಿ ಬೀಳಲೆಂದು ಫೆಂಡರ್ ಕಷ್ಟಪಟ್ಟು ಕೂರಿಸಿದ್ದ ಲೋಹವನ್ನೆಲ್ಲ ಈ ಮನುಷ್ಯ ಕಿತ್ತೆಸೆದರು. ಗಾಯಕನ ಕೊರಳಿನ ಹಾಗೆ ಜಾರಿ, ಅದುರಿ, ನಿಲ್ಲುವ ಆ ದನಿ 1976ರ ಅವರ ಮೊದಲ ಆಲ್ಬಮ್ಮಿನಲ್ಲಿ ಬಂದಾಗ ಬಾಸ್ ಎಂದರೆ ಹೀಗೂ ಇರಬಹುದೇ ಎಂದು ಜಗತ್ತು ಹುಬ್ಬೇರಿಸಿತು. ಆಮೇಲೆ ಭೂಗೋಳದ ಮೂಲೆಮೂಲೆಯಲ್ಲಿ ಹುಡುಗರು ತಂತಮ್ಮ ಅಡುಗೆಮನೆಯ ಚಾಕು ಹುಡುಕಿದರು. ಅವರಲ್ಲಿ ಎಷ್ಟು ಮಂದಿ ಜಾಕೋ ಆದರೆಂಬುದು ಎಲ್ಲರಿಗೂ ಗೊತ್ತು. ಚಾಕುಗಳಂತೂ ಹಾಳಾದವು.

ಕೊಳೆಯನ್ನೂ ಒರೆಸದವರು ಒಬ್ಬರು, ಫ್ರೆಟ್ಟನ್ನೂ ಉಳಿಸದವರು ಇನ್ನೊಬ್ಬರು. ಇಬ್ಬರಲ್ಲಿ ಯಾರನ್ನು ಅನುಸರಿಸಬೇಕು? ನನ್ನ ಪ್ರಕಾರ ಜೇಮರ್ಸನ್ ಏನೂ ಮುಟ್ಟದ್ದಕ್ಕೂ ಜಾಕೋ ಎಲ್ಲವನ್ನೂ ಮುಟ್ಟಿದ್ದಕ್ಕೂ ಕಾರಣ ಒಂದೇ. ತಮಗೆ ಬೇಕಾದ ದನಿ ಯಾವುದೆಂದು ಇಬ್ಬರಿಗೂ ಮೊದಲೇ ಕೇಳಿಸುತ್ತಿತ್ತು. ನಮ್ಮಂಥವರಿಗೆ ಅದು ಕೇಳಿಸುವುದಿಲ್ಲ; ಹಾಗಾಗಿ ಬಿಡಿಭಾಗಗಳನ್ನು ಬದಲಿಸುತ್ತಾ, ಎಲ್ಲಾದರೂ ಅಡಗಿದೆಯೇನೋ ಎಂದು ಹುಡುಕುತ್ತೇವೆ.

ನನ್ನ ಹುಡುಕಾಟ ಬಹಳಷ್ಟು ನಡೆದದ್ದು ಬೆಂಗಳೂರಿನ ಎಲೆಕ್ಟ್ರಾನಿಕ್ ಬಿಡಿಭಾಗಗಳ ಪೇಟೆಯಾದ ಎಸ್‌ಪಿ ರಸ್ತೆಯಲ್ಲಿ. ಒಮ್ಮೆ ವಾಲ್ಯೂಮ್ ಗುಂಡಿಯ ಕೆಳಗಿನ ಪಾಟ್ ಕರಕರ ಎನ್ನತೊಡಗಿತು. ಸಾಮಾನ್ಯವಾಗಿ ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಲ ಚಿಮ್ಮಿಸಿ ಹತ್ತಾರು ಸಲ ಅತ್ತಿತ್ತ ತಿರುಗಿಸಿದರೆ ಸರಿಹೋಗುತ್ತದೆ. ಇದು ಆ ಘಟ್ಟ ದಾಟಿತ್ತು. ಪೆಟ್ಟಿಗೆಗಳ ನಡುವೆ ಕಂಠದವರೆಗೆ ಮುಳುಗಿದ್ದ ಅಂಗಡಿಯ ಹಿರಿಯರೊಬ್ಬರನ್ನು ‘250 ಕೆ ಪಾಟ್ ಇದೆಯಾ?’ ಎಂದು ಕೇಳಿದೆ.

‘ಯಾವ ರೇಡಿಯೋಗೆ?’ ಎಂದರು.

‘ರೇಡಿಯೋ ಅಲ್ಲ, ಗಿಟಾರಿಗೆ.’

‘ಒಳಗಡೆ ಎಲ್ಲಾ ಒಂದೇ ಕಣಪ್ಪ’ ಎಂದು, ಕಣ್ಣೆತ್ತಿಯೂ ನೋಡದೆ ಕೈ ಹಾಕಿ ಒಂದನ್ನು ತೆಗೆದು ಗಾಜಿನ ಮೇಲೆ ಇಟ್ಟರು. ಫುಲರ್ಟನ್ನಿನ ರೇಡಿಯೋ ರಿಪೇರಿಯವರು ಇದನ್ನು ಕೇಳಿದ್ದರೆ ಎದ್ದು ಬಂದು ಇವರ ಕೈ ಹಿಡಿಯುತ್ತಿದ್ದರು. ಮನೆಗೆ ಬಂದು ಸೋಲ್ಡರ್ ಮಾಡಿದೆ, ಕೆಲಸ ಮಾಡಿತು. ಆದರೆ ಅಮೆರಿಕದ ಪಾಟಿನ ದಂಡದ ಹಲ್ಲುಗಳೇ ಬೇರೆ, ನಮ್ಮ ಪೇಟೆಯ ಪಾಟಿನ ಹಲ್ಲುಗಳೇ ಬೇರೆ. ಹಳೆಯ ಗುಂಡಿ ಇದರ ಮೇಲೆ ಕೂರಲೊಲ್ಲದು. ಈಗ ನನ್ನ ಬಾಸಿನ ಮೇಲೆ ಮೂರರಲ್ಲಿ ಎರಡು ಕರಿಯ ಗುಂಡಿ, ಒಂದು ಹಳೆಯ ಟ್ರಾನ್ಸಿಸ್ಟರಿನ ಬೆಳ್ಳಿ ಗುಂಡಿ. ಇದನ್ನು ನೋಡಿ ಗಿಟಾರ್ ನುಡಿಸುವ ಎಳೆಯರು ‘ಅಣ್ಣಾ, ಕಸ್ಟಮ್ಮಾ?’ ಎಂದು ಭಕ್ತಿಯಿಂದ ಕೇಳುತ್ತಾರೆ. ನಾನು ಸುಮ್ಮನೆ ನಗುತ್ತೇನೆ.

ಇಂಥ ತಿದ್ದುಪಡಿ ಆದಾಗಲೆಲ್ಲ ಮನೆಯಲ್ಲಿ ಶ್ರವಣ ಪರೀಕ್ಷೆ ಇರುತ್ತದೆ. ಹೊಸ ಪಿಕಪ್ ಹಾಕಿದ ಸಂಜೆ ಹೆಂಡತಿಯನ್ನು ಕೂರಿಸಿ, ಮೊದಲು ಧ್ವನಿಮುದ್ರಿಸಿಟ್ಟುಕೊಂಡಿದ್ದ ಹಳೆಯದನ್ನು ಕೇಳಿಸಿ, ಆಮೇಲೆ ಹೊಸದನ್ನು ನುಡಿಸಿದೆ. ‘ವ್ಯತ್ಯಾಸ ಗೊತ್ತಾಯ್ತಾ?’ ‘ಗೊತ್ತಾಯ್ತು ರೀ. ಮೊದಲನೇದರಲ್ಲಿ ಕುಕ್ಕರ್ ಕೂಗ್ತಾ ಇತ್ತು’ ಎಂದಳು. ಆ ಪಿಕಪ್ಪಿಗೆ ನಾನು ಕೊಟ್ಟ ದುಡ್ಡಿನಲ್ಲಿ ಹೊಸ ಕುಕ್ಕರ್ ಬರುತ್ತಿತ್ತು ಎಂಬ ಲೆಕ್ಕ ಅವಳಿಗೆ ಆಗ ತಿಳಿದಿರಲಿಲ್ಲ.

ಒಂದು ತಿದ್ದುಪಡಿಯನ್ನು ಮಾತ್ರ ಎಲ್ಲರೂ ಗಮನಿಸುತ್ತಾರೆ: ‘ಗುಂಯ್’ ಎನ್ನುವ ಹಮ್ಮನ್ನು ನಿಲ್ಲಿಸುವುದು. ಒಂದೇ ಸುರುಳಿಯ ಪಿಕಪ್ಪು ಸುತ್ತಲಿನ ವಿದ್ಯುತ್ ತಂತಿಗಳ ಗೊಣಗಾಟವನ್ನೆಲ್ಲ ಹೀರಿಕೊಳ್ಳುತ್ತದೆ. ನಮ್ಮ ದೇಶದ ಕರೆಂಟು 50 ಹರ್ಟ್ಝಿನದು. ಬಾಸಿನ ಇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 49 ಹರ್ಟ್ಝ್. ಅಂದರೆ ನಮ್ಮ ವಿದ್ಯುತ್ ಮಂಡಳಿ ಹಗಲೂ ರಾತ್ರಿ, ತುಸು ಏರಿದ ಜಿ ಶ್ರುತಿಯಲ್ಲಿ ಹಾಡುತ್ತಲೇ ಇರುತ್ತದೆ. ಅಮೆರಿಕದ 60 ಹರ್ಟ್ಝ್ ಕರೆಂಟಿಗೆ ಈ ಸಂಗೀತಜ್ಞಾನವಿಲ್ಲ. ಅದು ಎ ಶಾರ್ಪಿಗೂ ಬಿಗೂ ನಡುವೆ ತ್ರಿಶಂಕುವಾಗಿದೆ. ನಮ್ಮಲ್ಲಿ ಜಿ ಶ್ರುತಿಯ ಹಾಡು ಹಿಡಿದರೆ ಹಮ್ ತಂಬೂರಿಯ ಜಾಗದಲ್ಲಿ ಕೂರುತ್ತದೆ, ಆದರೆ ಸದಾ ಸ್ವಲ್ಪ ಅಪಶ್ರುತಿಯಲ್ಲಿ. ಪ್ರಿಸಿಷನ್ ಬಾಸಿನ ಪಿಕಪ್ಪನ್ನು ಎರಡು ತುಂಡು ಮಾಡಿದ್ದು ಇದಕ್ಕೆ ಮದ್ದಾಯಿತು: ಎರಡರ ಸುರುಳಿಯೂ ಅಯಸ್ಕಾಂತವೂ ಒಂದಕ್ಕೊಂದು ವಿರುದ್ಧ, ಆದ್ದರಿಂದ ತಂತಿಯ ಸದ್ದು ಕೂಡಿಕೊಳ್ಳುತ್ತದೆ, ಹಮ್ ಕಳೆದುಹೋಗುತ್ತದೆ. ಜಾಝ್ ಬಾಸಿನಲ್ಲಿ ಎರಡೂ ವಾಲ್ಯೂಮನ್ನು ಪೂರ್ತಿ ತೆರೆದಾಗ ಮಾತ್ರ ಈ ರಾಜಿ. ಅದಕ್ಕೂ ಬಗ್ಗದಿದ್ದರೆ ಒಳಗಿನ ಗುಳಿಗೆಲ್ಲ ತಾಮ್ರದ ಹಾಳೆ ಅಂಟಿಸಿ, ಅದನ್ನು ಗ್ರೌಂಡಿಗೆ ಸೇರಿಸಬೇಕು.

ಆದರೆ ಗ್ರೌಂಡ್ ಎನ್ನುವುದು ಗೋಡೆಯ ಪ್ಲಗ್ಗಿನಲ್ಲಿ ನಿಜವಾಗಿ ಇರಬೇಕಲ್ಲ! ಬಾಸಿನ ಬ್ರಿಡ್ಜಿನಿಂದ ಒಂದು ವೈರ್ ಒಳಗಿನ ಗ್ರೌಂಡಿಗೆ ಹೋಗಿರುತ್ತದೆ. ತಂತಿ ಮುಟ್ಟಿದೊಡನೆ ಹಮ್ ಇಳಿಯುವುದು ಅದರಿಂದಲೇ. ಆಂಪಿಗೂ ಮೈಕಿಗೂ ಅರ್ತಿಂಗ್ ಸರಿಯಿಲ್ಲದಿದ್ದರೆ ಅದೇ ವೈರ್ ಯಮಪಾಶ. ಗಣೇಶನ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾ ನುಡಿಸಿದವರಿಗೆ ಇದು ತುಟಿಯ ಅನುಭವ: ಕೈ ತಂತಿಯ ಮೇಲೆ, ಕೋರಸ್ ಹಾಡಲು ಬಾಯಿ ಮೈಕಿಗೆ, ಮರುಕ್ಷಣ ಕಣ್ಣ ಮುಂದೆ ವಿನಾಯಕನ ನಿಜದರ್ಶನ. ‘ಅರ್ತಿಂಗ್ ಎಲ್ಲಿದೆ?’ ಎಂದು ಕೇಳಿದರೆ ವೈರಿಂಗಿನ ಹುಡುಗ ಒಂದು ಕಬ್ಬಿಣದ ಮೊಳೆಯನ್ನು ನೆಲಕ್ಕೆ ಹೊಡೆದು, ಅದಕ್ಕೆ ವೈರ್ ಸುತ್ತಿ, ಬಾಟಲಿಯಿಂದ ಒಂದಿಷ್ಟು ನೀರು ಸುರಿದು, ‘ಈಗ ನುಡಿಸಿ ಸಾರ್’ ಎನ್ನುತ್ತಾನೆ. ಇಂಥ ಕಡೆ ನಾನು ಮೊದಲು ಟೆಸ್ಟರ್ ಹಿಡಿಯುತ್ತೇನೆ, ಆಮೇಲೆ ಬಾಸ್. ಮೈಕಿಗೆ ಸ್ಪಂಜಿನ ಟೋಪಿ ಹಾಕಿಸದೆ ಕೋರಸ್ ಹಾಡುವುದಿಲ್ಲ. ವಾದ್ಯಕ್ಕಿಂತ ವಾದಕನನ್ನು ಸುಸ್ಥಿತಿಯಲ್ಲಿಡುವುದು ಮೊದಲ ಮೆಂಟೆನೆನ್ಸು.

ಎರಡನೆಯದು ತಂತಿ. ಬಾಸಿನ ಒಂದು ಸೆಟ್ ತಂತಿಗೆ ಎರಡು ಮೂರು ಸಾವಿರ ರೂಪಾಯಿ ಕೊಡಬೇಕಾಗುತ್ತದೆ. ಬೆರಳಿನ ಬೆವರು, ಜಿಡ್ಡು ಸುರುಳಿಗಳ ಸಂದಿಗೆ ಇಳಿದು ಹೊಸತಿನ ಝಣತ್ಕಾರ ಕೆಲವೇ ವಾರಗಳಲ್ಲಿ ಮಂಕಾಗುತ್ತದೆ. ಕರಾವಳಿಯ ಗೆಳೆಯರಿಗೆ ಉಪ್ಪುಗಾಳಿಯ ಉಡುಗೊರೆ ಬೇರೆ. ಇದಕ್ಕೆ ಬಡ ಬಾಸ್ ವಾದಕರ ಪರಂಪರಾಗತ ಪರಿಹಾರವೆಂದರೆ ತಂತಿಯನ್ನು ಬಿಚ್ಚಿ, ಸುರುಳಿ ಸುತ್ತಿ, ನೀರಿನಲ್ಲಿ ಹತ್ತು ನಿಮಿಷ ಕುದಿಸುವುದು. ಕೊಳೆ ಬಿಡುತ್ತದೆ, ಒರೆಸಿ ಚೆನ್ನಾಗಿ ಒಣಗಿಸಿ ಹಾಕಿದರೆ ಕೆಲವು ದಿನ ಹೊಸ ತಂತಿಯ ಭ್ರಮೆ ಹುಟ್ಟುತ್ತದೆ. ಮೊದಲ ಬಾರಿ ನಾನು ಈ ಪಾಕಕ್ಕೆ ಕೈ ಹಾಕಿದಾಗ ಅಮ್ಮ ಒಳಗೆ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದಕ್ಕೆ ಉಪ್ಪು ಹಾಕ್ತಾರೇನೋ?’ ಎಂದು ಕೇಳಿದರು. ಆ ಪಾತ್ರೆ ಅಂದಿನಿಂದ ಅಟ್ಟದ ಮೇಲಿದೆ. ಈಗ ಸ್ಪಿರಿಟ್ ತುಂಬಿದ ಕೊಳವೆಯಲ್ಲಿ ರಾತ್ರಿಯಿಡೀ ನೆನೆಸಿಡುತ್ತೇನೆ. ಫಲ ಹೆಚ್ಚು, ಗೃಹಕಲಹ ಕಡಿಮೆ.

ಮೂರನೆಯದು ಫ್ರೆಟ್‌ಬೋರ್ಡು. ಇಲ್ಲಿ ನಮ್ಮ ಮಲೆನಾಡಿನ ಕಥೆಯೊಂದು ಒಳಗೆ ಬರುತ್ತದೆ. ಜಗತ್ತಿನ ಎಷ್ಟೋ ಗಿಟಾರು, ಬಾಸುಗಳ ಫ್ರೆಟ್‌ಬೋರ್ಡು ಇಂಡಿಯನ್ ರೋಸ್‌ವುಡ್ಡಿನದು, ಅಂದರೆ ನಮ್ಮ ಬೀಟೆ. ಮೈಸೂರಿನ ಕುಸುರಿ ಕೆಲಸದವರು ದಂತದ ಕಾಲದಿಂದ ಬಳಸಿಕೊಂಡು ಬಂದ ಅದೇ ಬೀಟೆ. 2017ರ ಜನವರಿಯಿಂದ ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದ ಈ ಕುಲದ ಎಲ್ಲ ಮರಗಳ ವ್ಯಾಪಾರಕ್ಕೂ ಕಾಗದಪತ್ರ ಕಡ್ಡಾಯ ಮಾಡಿತು. ಗಿಟಾರ್ ಕಂಪನಿಗಳು ತಲ್ಲಣಿಸಿ, ಕೆಲವು ಮಾದರಿಗಳಲ್ಲಿ ದಕ್ಷಿಣ ಅಮೆರಿಕದ ಪೌ ಫೆರೋ ಮರಕ್ಕೆ ಹಾರಿದವು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕ ಮೇಲೆ ಉಸಿರಾಟ ಸಲೀಸಾಯಿತು. ನನ್ನ ಚಿಕ್ಕಪ್ಪನವರ ಕಾಫಿ ತೋಟದಲ್ಲಿ ಒಂದು ಮುದಿ ಬೀಟೆಮರ ಇದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅವರು ಅದಕ್ಕೆ ಕೊಡಲಿ ಮುಟ್ಟಿಸುವಂತಿಲ್ಲ. ಬಾಸಿನ ಮೇಲಿರುವುದೂ ಅದೇ ಜಾತಿ ಎಂದು ತೋರಿಸಿದಾಗ ಬೆರಳಾಡಿಸಿ ನೋಡಿ, ‘ಹೌದು, ನಮ್ಮದೇ’ ಎಂದು ಒಪ್ಪಿಕೊಂಡರು. ಆಮೇಲೆ, ‘ಇಷ್ಟಗಲ ಚಕ್ಕೆಗೆ ಎಷ್ಟು ಕೊಟ್ಟೆ?’ ಎಂದರು. ವಾದ್ಯದ ಬೆಲೆ ಹೇಳಿದೆ. ಅವರು ಎದ್ದು ಹೋಗಿ ಜಗಲಿಯಿಂದ ತಮ್ಮ ಮರವನ್ನೇ ಬಹಳ ಹೊತ್ತು ನೋಡುತ್ತಾ ನಿಂತರು. ಬೀಟೆ ಒಣಗಿ ಬೆಳ್ಳಗಾದಾಗ ಮಿನರಲ್ ಎಣ್ಣೆಯ ಎರಡು ಹನಿ ಹಚ್ಚಿ ಒರೆಸಬೇಕು ಎಂದದ್ದಕ್ಕೆ ‘ಕೊಬ್ಬರಿ ಎಣ್ಣೆ ಏನು ಪಾಪ ಮಾಡಿದೆ?’ ಎಂದು ಕೇಳಿದರು. ಕಮಟು ವಾಸನೆ ಬರುತ್ತದೆ ಎಂದೆ. ‘ನಿನ್ನ ಸಂಗೀತಕ್ಕೆ ಅದೊಂದು ಬಾಕಿ’ ಎಂದರು.

ಉಳಿದದ್ದು ನೆಕ್ಕು. ನಾಲ್ಕು ತಂತಿಗಳ ಒಟ್ಟು ಎಳೆತ ಸುಮಾರು 70ರಿಂದ 80 ಕಿಲೋ. ಹೊಟ್ಟೆ ಬಂದ ನೆಂಟನೊಬ್ಬ ವರ್ಷವಿಡೀ ಕತ್ತಿಗೆ ಜೋತುಬಿದ್ದ ಹಾಗೆ. ನೆಕ್ಕು ಮುಂದಕ್ಕೆ ಬಾಗದಿರಲೆಂದು ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಹುದುಗಿಸಿರುತ್ತಾರೆ. ಅದರ ತುದಿಯ ನಟ್ಟನ್ನು ಬಿಗಿ ಮಾಡಿದರೆ ನೆಕ್ಕು ಹಿಂದಕ್ಕೆ, ಸಡಿಲಿಸಿದರೆ ಮುಂದಕ್ಕೆ. ಪೂರ್ತಿ ನೆಟ್ಟಗಿದ್ದರೂ ಆಗದು. ಕಂಪಿಸುವ ತಂತಿಗೆ ಜಾಗ ಬೇಕು. ಮೊದಲ ಫ್ರೆಟ್ಟನ್ನೂ ಕೊನೆಯ ಫ್ರೆಟ್ಟನ್ನೂ ಒಟ್ಟಿಗೆ ಒತ್ತಿ ಹಿಡಿದಾಗ ನಡುವಿನ ಫ್ರೆಟ್ಟಿಗೂ ತಂತಿಗೂ ಸುಮಾರು 0.3 ಮಿಲಿಮೀಟರ್ ಸಂದಿರಬೇಕು. ಅಳೆಯಲು ನಾನು ಬಳಸುವುದು ಸ್ಕೂಟರ್ ಮೆಕ್ಯಾನಿಕ್ ಟ್ಯಾಪೆಟ್‌ಗೆ ಬಳಸುವ ಫೀಲರ್ ಗೇಜ್. ಬೆಂಗಳೂರಿನ ಮರ ಮಾರ್ಚಿನಲ್ಲಿ ಒಣಗುತ್ತದೆ, ಜುಲೈಯಲ್ಲಿ ಉಬ್ಬುತ್ತದೆ. ಒಣಗಿದಾಗ ಫ್ರೆಟ್ಟಿನ ಅಂಚುಗಳು ಹೊರಚಾಚಿ ಅಂಗೈ ಕೆರೆಯುತ್ತವೆ. ಈ ಏರಿಳಿತದಲ್ಲಿ ನೆಕ್ಕಿನ ಬಾಗು ಬದಲಾದರೆ ಎಲ್ಲೋ ಒಂದು ತಂತಿ ಝರ್ ಎನ್ನುತ್ತದೆ. ತಂಬೂರಿಯಲ್ಲಾದರೆ ಆ ಝೇಂಕಾರಕ್ಕಾಗಿ ಕುದುರೆಯ ಮೇಲೆ ನೂಲಿನೆಳೆ ಇಟ್ಟು ಗಂಟೆಗಟ್ಟಲೆ ಸರಿಸುತ್ತಾರೆ. ನಮ್ಮಲ್ಲಿ ಅದನ್ನು ಓಡಿಸಲು ಗಂಟೆಗಟ್ಟಲೆ ಕೂರುತ್ತೇವೆ. ಮೊದಲು ಕಾಲು ಸುತ್ತು. ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಮತ್ತೆ ಅಳೆಯಬೇಕು. ಸಾಲದಿದ್ದರೆ ಮತ್ತೊಂದು ಕಾಲು ಸುತ್ತು. ಆಮೇಲೆ ತಂತಿಯ ಎತ್ತರ, ಅದಾದ ಮೇಲೆ ಹನ್ನೆರಡನೇ ಫ್ರೆಟ್ಟಿನ ಸ್ವರ ನೋಡಿ ಬ್ರಿಡ್ಜಿನ ಸ್ಯಾಡಲ್ ಸರಿಸುವುದು: ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಇಷ್ಟಕ್ಕೆ ಖರ್ಚು ಏನೂ ಇಲ್ಲ. ಬೇಕಾದದ್ದು ಒಂದು ಅಲೆನ್ ಕೀ, ಒಂದು ಸ್ಕ್ರೂಡ್ರೈವರ್, ತಾಳ್ಮೆ. ಅಂಗಡಿಯಲ್ಲಿ ಸತ್ತ ಹಾಗೆ ನೇತಾಡುತ್ತಿದ್ದ ಅಗ್ಗದ ಬಾಸ್ ಈ ಉಪಚಾರದ ನಂತರ ಎದ್ದು ಕೂತದ್ದನ್ನು ನಾನು ಮತ್ತೆಮತ್ತೆ ನೋಡಿದ್ದೇನೆ. ಪಿಕಪ್ಪು ಬದಲಿಸಿ ಹತ್ತು ಸಾವಿರ ಕಳೆದವರಿಗೆ ಬಹಳ ಸಲ ಬೇಕಾಗಿದ್ದುದು ಈ ಕಾಲು ಸುತ್ತು ಮಾತ್ರ.

ಈ ಜ್ಞಾನವನ್ನೆಲ್ಲ ಧಾರೆ ಎರೆಯಲು ಈಚೆಗೆ ನನಗೊಬ್ಬ ಸಿಕ್ಕಿದ್ದಾನೆ. ಇಂಜಿನಿಯರಿಂಗ್ ಓದುವ ನನ್ನ ಸೋದರಳಿಯ ಒಂದು ಬಾಸ್ ಕೊಂಡ. ಪೆಟ್ಟಿಗೆಯ ಥರ್ಮಕೋಲ್ ಇನ್ನೂ ಮನೆಯಿಂದ ಹೊರಗೆ ಹೋಗಿರಲಿಲ್ಲ, ಫೋನ್ ಬಂತು: ‘ಮಾಮ, ಯಾವ ಪಿಕಪ್ ಹಾಕಿಸ್ಲಿ?’ ನಾನು ಗಂಟಲು ಸರಿಮಾಡಿಕೊಂಡು ಜೇಮರ್ಸನ್ ಕಥೆ ಹೇಳಿದೆ, ಜಾಕೋ ಕಥೆ ಹೇಳಿದೆ, ಟ್ರಸ್ ರಾಡಿನ ಮಹಿಮೆ ಹೇಳಿದೆ. ಕೊನೆಗೆ, ‘ಮೊದಲು ಸೆಟಪ್ ಮಾಡಿಸು, ಒಳ್ಳೆ ತಂತಿ ಹಾಕು. ಆಮೇಲೆ ಆರು ತಿಂಗಳು ಏನನ್ನೂ ಮುಟ್ಟದೆ ಬರೀ ನುಡಿಸು. ಆಗಲೂ ಬೇಕು ಅನ್ನಿಸಿದರೆ ಬದಲಾಯಿಸೋಣ’ ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಿಜವಾದ ಗಾಬರಿಯಿಂದ, ‘ಆರು ತಿಂಗಳು ನುಡಿಸಿದರೆ ಇದಕ್ಕೇ ಒಗ್ಗಿಹೋಗ್ತೀನಲ್ಲ ಮಾಮ!’ ಎಂದ.

ಇಂಥ ಮಾತಿಗೆ ಹಿರಿಯನಾದವನು ಏನಾದರೂ ಗಂಭೀರವಾದ ಉತ್ತರ ಕೊಡಬೇಕಿತ್ತು. ಆದರೆ ಅಪಾಯ ಎಲ್ಲಿದೆ ಎಂಬುದನ್ನು ಹುಡುಗ ಸರಿಯಾಗಿಯೇ ಗುರುತಿಸಿದ್ದ. ಒಗ್ಗಿಹೋದವನಿಗೆ ಭಾನುವಾರ ಬೆಳಿಗ್ಗೆ ಮಾಡಲು ಏನು ಉಳಿಯುತ್ತದೆ? ‘ಎಸ್‌ಪಿ ರಸ್ತೆ ಶನಿವಾರ ತೆರೆದಿರುತ್ತೆ, ಹತ್ತು ಗಂಟೆಗೆ ಬಾ. ಬರುವಾಗ ಸೋಲ್ಡರಿಂಗ್ ಐರನ್ ತಗೊಳ್ಳೋಣ. ಅತ್ತೆಗೆ ಹೇಳಬೇಡ’ ಎಂದೆ.